ಒಗೆತದ ಲೆಕ್ಕ

ಆಟ ನಾನು ನೋಡಿದ್ದು ಕಡಿಮೆ.
ಶನಿವಾರ ಮೂರರಿಂದ ಐದರವರೆಗೆ
ಸ್ಟ್ಯಾಂಡಿನ ಕೆಳಗಿನ ಕೋಣೆಯಲ್ಲಿ
ಸಾಕ್ಸಿಗೆ ಜೋಡಿ ಹುಡುಕುತ್ತ ಕೂತಿರುತ್ತಿದ್ದೆ.
ತಲೆಯ ಮೇಲೆ ಎರಡು ಸಾವಿರ ಜನರ ಕಾಲು.
ನಮ್ಮವರು ಗೋಲು ಹೊಡೆದರೆ ತೊಲೆಯಿಂದ ತುಕ್ಕು ಉದುರುತ್ತಿತ್ತು.
ಹೆಚ್ಚಾಗಿ ಉದುರುತ್ತಿರಲಿಲ್ಲ.

ಆದರೂ ಗ್ಲೆನ್ ಹೆಬಲ್‌ಥ್ವೇಟ್ ಹೇಗೆ ಆಡುತ್ತಿದ್ದನೆಂದು
ನನ್ನಷ್ಟು ಬಲ್ಲವರು ಥಾರ್ನ್‌ಶಾದಲ್ಲಿ ಯಾರೂ ಇಲ್ಲ.
ಅವನ ಎಂಟನೇ ನಂಬರಿನ ಹಳದಿ ಅಂಗಿಯನ್ನು
ಹನ್ನೊಂದು ವರ್ಷ ಒಗೆದವಳು ನಾನು.

ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರದ ಹೆಸರು.
ಅಕ್ಷರಕ್ಕೆ ಇಷ್ಟು ಎಂದು ಅಂಗಡಿಯವನು ಲೆಕ್ಕ ಹಾಕಿದಾಗ
ಸಣ್ಣ ಹೆಸರಿನವನು ಸಿಗಲಿಲ್ಲವೇ ಎಂದು ಗೊಣಗಿದರು ಸೆಕ್ರೆಟರಿ.
ಕೊನೆಯ ಅಕ್ಷರ ಪ್ರತಿ ಒಗೆತಕ್ಕೂ ಏಳುತ್ತಿತ್ತು,
ಪ್ರತಿ ಶುಕ್ರವಾರ ಇಸ್ತ್ರಿಯಿಂದ ಒತ್ತಿ ಕೂರಿಸುತ್ತಿದ್ದೆ.

ಎಡ ಮೊಣಕೈಗೆ ಸುಣ್ಣ ಮೆತ್ತಿದ್ದರೆ
ಗೆರೆಯ ಅಂಚಿನಲ್ಲಿ ಯಾರದೋ ತಪ್ಪಿಗೆ ಬಿದ್ದಿದ್ದಾನೆ.
ಬೆನ್ನಲ್ಲಿ ಬೂಟಿನ ಹಲ್ಲಿನ ಗುರುತಿದ್ದರೆ
ರೆಫ್ರಿ ಬೇರೆಲ್ಲೋ ನೋಡುತ್ತಿದ್ದ.
ನವೆಂಬರ್ ಬಂತೆಂದರೆ ಎದೆಯ ಮೇಲೆ
ಕೆಸರಿನ ದುಂಡು ಚಂದ್ರರು, ನಾಲ್ಕೋ ಐದೋ:
ಆಕಾಶದಿಂದ ಬಂದ ಚೆಂಡನ್ನು ಎದೆಕೊಟ್ಟು ಇಳಿಸಿ
ಇನ್ನೊಬ್ಬನ ಕಾಲಿಗೆ ಇಟ್ಟದ್ದು.
ಅದು ಯಾವ ಪೇಪರಿನಲ್ಲೂ ಬರುವುದಿಲ್ಲ.

ಬಡಿಸುವವನು ನಮ್ಮವನಾದರೆ
ಕೊನೆಯ ಪಂಕ್ತಿಯಾದರೇನು ಎನ್ನುತ್ತಾರೆ.
ತೊಂಬತ್ತೆರಡು ಕ್ಲಬ್ಬುಗಳ ಸಾಲಿನಲ್ಲಿ
ನಾವು ತೊಂಬತ್ತನೆಯವರು, ಕೊನೆಯ ಪಂಕ್ತಿಯೇ ಸರಿ.
ಅವನೇನೋ ಬಡಿಸಿದ.
ನಮ್ಮ ಮುಂದಿನ ಸಾಲಿನ ಹುಡುಗರು
ಎಲೆಗೆ ಬಿದ್ದದ್ದನ್ನೆಲ್ಲ ಮೋಡಕ್ಕೆ ಒದ್ದರು.
ಒಂದು ಚೆಂಡು ರೈಲು ಹಳಿ ದಾಟಿ
ಕಾರ್ಪೆಟ್ ಕಾರ್ಖಾನೆಯ ಸೂರಿನ ಮೇಲೆ ಈಗಲೂ ಇದೆಯಂತೆ.

ಒಂದು ಚಳಿಗಾಲ ಅವನನ್ನು ಎರವಲು ಕೊಟ್ಟರು,
ಪಕ್ಕದ ಮನೆಗೆ ಜರಡಿ ಕೊಟ್ಟ ಹಾಗೆ,
ಕಡಲ ದಂಡೆಯ ಯಾವುದೋ ತಂಡಕ್ಕೆ.
ಮಾರ್ಚಿಯಲ್ಲಿ ಮರಳಿದ.
ಚೀಲದ ತಳದಲ್ಲಿ ಮರಳಿತ್ತು. ಏನೂ ಹೇಳಲಿಲ್ಲ.

ಮಂಡಿ ಕೊಯ್ಯಿಸಿಕೊಂಡ ಮೇಲಿನ ವರ್ಷ
ಅಂಗಿ ಸ್ವಚ್ಛವಾಗಿಯೇ ವಾಪಸಾಗತೊಡಗಿತು.
ಇಡೀ ಆಟ ಬೆಂಚಿನ ಮೇಲೆ, ಕೋಟಿನೊಳಗೆ.
ತಾನೇ ಮಡಚಿ ತಂದುಕೊಟ್ಟ:
‘ಇದನ್ನು ಒಗೆಯುವುದು ಬೇಡ, ಡಾಟ್.’
ಒಗೆದೆ.
ಉಳಿದ ಹದಿಮೂರರ ಜೊತೆಗೇ, ಅದೇ ನೀರಿನಲ್ಲಿ.

ಮೇ ತಿಂಗಳಲ್ಲಿ ಮೇಲಿನ ಕೋಣೆಗೆ ಕರೆದರು.
ಆರು ನಿಮಿಷಕ್ಕೆ ಕೆಳಗೆ ಬಂದ,
ಕೈಯಲ್ಲಿ ಕವರು, ಇನ್ನೊಂದು ಕೈಯಲ್ಲಿ
ಕ್ಲಬ್ಬಿಗೆ ಒಪ್ಪಿಸಬೇಕಾದ ಬಟ್ಟೆ.
ಹನ್ನೊಂದು ವರ್ಷ, ಮುನ್ನೂರ ಹನ್ನೆರಡು ಆಟ, ಏಳು ಗೋಲು,
ಅದರಲ್ಲೊಂದು ತೊಡೆಗೆ ಬಡಿದು ತಾನಾಗಿ ಹೋದದ್ದು.
ನಾನು ಎಣಿಸಿದೆ. ಚಡ್ಡಿ ಮೂರು, ಬನಿಯನ್ನು ನಾಲ್ಕು.
ಬೇರೇನು ಹೇಳುವುದೆಂದು ತಿಳಿಯದೆ
‘ಸಾಕ್ಸು ಒಂದು ಕಡಿಮೆ ಇದೆ’ ಎಂದುಬಿಟ್ಟೆ.
ಪಾಪ, ಅವನು ಜೇಬು ಹೊರಗೆಳೆದು ತೋರಿಸಿದ.
ಆ ಮಾತಿಗೆ ಇವತ್ತಿಗೂ ನನ್ನ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಹೋದ ಜನವರಿ ನನ್ನ ಮನೆಯ ಬಾಯ್ಲರು ಸತ್ತಿತು.
ಫೋನು ಮಾಡಿದರೆ ಬಂದ ವ್ಯಾನಿನ ಮೈಮೇಲೆ
ಹದಿಮೂರೂ ಅಕ್ಷರ, ದೊಡ್ಡದಾಗಿ, ಒಂದೂ ಏಳದೆ.
ಕೂದಲು ತೆಳ್ಳಗಾಗಿದೆ. ಕೂರುವಾಗ
ಎಡ ಮಂಡಿ ಮೊದಲು, ಬಲದ್ದು ಆಮೇಲೆ, ಗೋಡೆ ಹಿಡಿದು.
ಒಂದು ಗಂಟೆ ಬೇಕಾಯಿತು. ಎಂಬತ್ತೈದು ಪೌಂಡು.
ಬಿಡಿಗಾಸು ಬಿಡಲಿಲ್ಲ, ರಸೀದಿ ಬರೆದ.
ಹಾಗೇ ಇರಬೇಕು, ಸರಿಯಾಯಿತು ಅನ್ನಿಸಿತು.

ಎದ್ದಾಗ ಪ್ಯಾಂಟಿನ ಮಂಡಿಯ ಮೇಲೆ ಮಸಿ.
‘ಮೊದಲು ತಣ್ಣೀರಿನಲ್ಲಿ ನೆನೆಸು,’ ಎಂದೆ,
‘ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.’
‘ಗೊತ್ತು, ಡಾಟ್,’ ಎಂದ,
ಟೀ ಬಟ್ಟಲನ್ನು ತಾನೇ ತೊಳೆದಿಟ್ಟು.